ಗೇಮಿನ ಪೆಟ್ಟಿಗೆಗೆ ದೋಣಿಯ ಬಣ್ಣ

ಬಿಳಿ ಬಣ್ಣದ ಸಾಮಾನು ಕೊಳ್ಳುವವರು ಸಮುದ್ರದ ಹತ್ತಿರ ಮನೆ ಮಾಡಬಾರದು. ಇದು ಶಾಸ್ತ್ರದ ಮಾತಲ್ಲ, ನನ್ನ ಅನುಭವ. ಕಾರವಾರದ ಕೋಡಿಬಾಗದಲ್ಲಿ ನಮ್ಮ ಮನೆ. ಹಿಂದಿನ ಬಾಗಿಲು ತೆರೆದರೆ ಕಾಳಿ ನದಿ, ಮುಂದಿನ ಬಾಗಿಲು ತೆರೆದರೆ ಉಪ್ಪುಗಾಳಿ. ಇವೆರಡರ ನಡುವೆ ಸಿಕ್ಕಿದ ಯಾವ ಬಿಳಿ ವಸ್ತುವೂ ಬಿಳಿಯಾಗಿ ಉಳಿದದ್ದನ್ನು ನಾನು ಕಂಡಿಲ್ಲ. ಫ್ರಿಜ್ಜು ಮೊದಲು ಕೆನೆಬಣ್ಣಕ್ಕೆ ತಿರುಗಿತು, ಆಮೇಲೆ ಅದರ ಕಾಲಿಗೆ ತುಕ್ಕು ಹತ್ತಿತು. ನನ್ನ ಅಂಗಿಯ ಕಾಲರುಗಳ ಕಥೆಯನ್ನು ಹೆಂಡತಿ ಸುಮಿತ್ರಾಳನ್ನು ಕೇಳಬೇಕು. ಕೇಳದಿದ್ದರೂ ಅವಳೇ ಹೇಳುತ್ತಾಳೆ. ಇಷ್ಟೆಲ್ಲ ಗೊತ್ತಿದ್ದೂ, ಮಗಳು ಪೂರ್ವಿ ಏಳನೇ ತರಗತಿ ಪಾಸಾದಾಗ ಟೀವಿಗೆ ಜೋಡಿಸಿ ಆಡುವ ಗೇಮಿನ ಪೆಟ್ಟಿಗೆಯನ್ನು ತಂದವನು ನಾನು, ಅದೂ ಹಾಲುಬಿಳಿಯದ್ದು. ಅಂಗಡಿಯಲ್ಲಿ ಕಪ್ಪು ಇತ್ತು. ‘ಬಿಳಿ ನೋಡಲು ಚಂದ’ ಎಂದು ಹೇಳಿದ್ದು ನನ್ನದೇ ಬಾಯಿ.

ಆ ಪೆಟ್ಟಿಗೆಯಿಂದ ನನ್ನ ಸಂಜೆಗಳಿಗೆ ಒಂದು ಕಳೆ ಬಂದಿತ್ತು. ಕೈಗಾದಿಂದ ಬರುವ ಕಂಪನಿಯ ಬಸ್ಸು ಇಳಿದು, ಕೈಕಾಲು ತೊಳೆದು, ಚಹಾ ಕುಡಿದರೆ ಮುಂದೆ ಒಂದು ತಾಸು ನಾನೂ ಪೂರ್ವಿಯೂ ಟೀವಿಯ ಮುಂದೆ ಚಾಪೆ ಹಾಸಿ ಕೂತು ಕಾರಿನ ರೇಸು ಆಡುವುದು. ರೇಸು ಎಂದರೆ ಅವಳದು ರೇಸು, ನನ್ನದು ಗೋಡೆಗೆ ಗುದ್ದುವುದು. ಜನ್ಮದಲ್ಲಿ ಸ್ಕೂಟರ್ ಬಿಟ್ಟು ಬೇರೇನನ್ನೂ ಓಡಿಸದ ನನಗೆ ಆ ಕಾರು ಒಂದು ದಿನವೂ ಮಾತು ಕೇಳಲಿಲ್ಲ. ಆದರೆ ನಾನು ಗುದ್ದಿ ನಿಂತಾಗಲೆಲ್ಲ ಅವಳು ನಗುತ್ತ, ಶಾಲೆಯಲ್ಲಿ ಯಾರು ಯಾರೊಡನೆ ಮಾತು ಬಿಟ್ಟಿದ್ದಾರೆ, ಯಾವ ಟೀಚರು ಯಾವ ಸೀರೆಯನ್ನು ಮತ್ತೆ ಉಟ್ಟು ಬಂದರು ಎಂದೆಲ್ಲ ಹೇಳುತ್ತಿದ್ದಳು. ಈಗ ಅವಳು ಪಿಯುಸಿ ಎರಡನೇ ವರ್ಷ. ಕೋಣೆಯ ಬಾಗಿಲು ಮುಚ್ಚಿರುತ್ತದೆ, ಕಿವಿಯಲ್ಲಿ ಏನೋ ಸಿಕ್ಕಿಸಿರುತ್ತದೆ. ಹೀಗಿರುವಾಗ ಒಂದು ದಿನ ಅವಳ ಗೆಳತಿಯರು ಮನೆಗೆ ಬಂದರು. ಅವರು ಒಳಗೆ ಬರುವ ಮುಂಚೆ ಪೂರ್ವಿ ಪೆಟ್ಟಿಗೆಯ ಮೇಲೆ ನನ್ನ ಟವೆಲು ಎಳೆದು ಮುಚ್ಚಿದ್ದನ್ನು ನಾನು ನೋಡಿದೆ. ಸಂಜೆ ಕೇಳಿದರೆ, “ಪಪ್ಪಾ, ಅದು ಅಜ್ಜನ ಹಲ್ಲಿನ ಸೆಟ್ಟಿನಂಗೆ ಹಳದಿ ಆಗ್ಯದೆ. ಮಾಳಿಗೆ ಮೇಲೆ ಇಟ್ಬಿಡು” ಎಂದಳು. ಮಾಳಿಗೆಗೆ ಹೋಗುವುದು ಪೆಟ್ಟಿಗೆಯಲ್ಲ, ನನ್ನ ಆ ಒಂದು ತಾಸು. “ಬೇರೆ ಬಣ್ಣ ಆದ್ರೆ?” ಎಂದು ಕೇಳಿದೆ. ಅವಳು ಫೋನಿನಿಂದ ಕಣ್ಣೆತ್ತದೆ, “ಲ್ಯಾವೆಂಡರ್ ಆದ್ರೆ ಚಲೋ ಇರ್ತಿತ್ತು” ಎಂದಳು. ನನಗೆ ಅಷ್ಟು ಸಾಕಾಯಿತು.

ಇಲ್ಲಿ ನನ್ನ ಕೆಲಸದ ವಿಷಯ ಸ್ವಲ್ಪ ಹೇಳಬೇಕು. ಕೈಗಾದ ಬಸ್ಸಿನಿಂದ ಇಳಿಯುವವರೆಲ್ಲ ಅಣುವಿಜ್ಞಾನಿಗಳು ಎಂದು ನಮ್ಮ ಓಣಿಯ ನಂಬಿಕೆ. ನಾನು ಅಲ್ಲಿ ನೋಡಿಕೊಳ್ಳುವುದು ಯಾರಿಗೆ ಎಷ್ಟು ರಜೆ ಉಳಿದಿದೆ ಎಂಬುದನ್ನು. ಆದರೆ ಜನ ತಾವಾಗಿ ಗೌರವ ಕೊಡುವಾಗ ಬೇಡ ಎನ್ನುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಯಾರ ಮನೆಯ ಮಿಕ್ಸರ್ ಕೆಟ್ಟರೂ ಮೊದಲು ನನ್ನ ಹತ್ತಿರ ಬರುತ್ತದೆ. ನಾನು ಅದನ್ನು ತಿರುಗಿಸಿ ನೋಡಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, “ಇದರ ಕಾಯಿಲ್ ಹೋಗಿದೆ, ಅಂಗಡಿಗೇ ಕೊಡಿ” ಎನ್ನುತ್ತೇನೆ. ಕಾಯಿಲ್ ಎಂದರೇನು ಎಂದು ಇದುವರೆಗೆ ಯಾರೂ ಕೇಳಿಲ್ಲ, ದೇವರು ದೊಡ್ಡವನು. ವರ್ಷಾನುಗಟ್ಟಲೆ ಹೀಗೆ ಹೇಳಿ ಹೇಳಿ ಕಡೆಗೆ ನನಗೂ ನನ್ನ ಮೇಲೆ ನಂಬಿಕೆ ಬಂದುಬಿಟ್ಟಿತ್ತು.

ಹಾಗಾಗಿ ಸುಮಿತ್ರಾ ತವರಿಗೆ ಹೋಗಿದ್ದ ಒಂದು ಶನಿವಾರ ಕೆಲಸಕ್ಕೆ ಕೈ ಹಾಕಿದೆ. ಫೋನಿನಲ್ಲಿ ಒಂದು ವಿಡಿಯೊ ನೋಡಿದ್ದೆ. ಅದರಲ್ಲಿ ಯಾರೋ ಪುಣ್ಯಾತ್ಮ ಇಂಥದ್ದೇ ಪೆಟ್ಟಿಗೆಯ ಕವಚ ಬಿಚ್ಚಿ, ಕುದಿಯುವ ನೀರಿಗೆ ಬಣ್ಣ ಹಾಕಿ, ಅದರಲ್ಲಿ ಮುಳುಗಿಸಿ ತೆಗೆದರೆ ಕವಚ ನವಿಲಿನಂತೆ ಮಿರುಗುತ್ತಿತ್ತು. ಪ್ಲಾಸ್ಟಿಕ್ಕಿಗೆ ಯಾವ ಜಾತಿಯ ಬಣ್ಣ ಹಿಡಿಯುತ್ತದೆ ಎಂದು ಅವನು ವಿವರಿಸುವ ಹೊತ್ತಿಗೆ ನಾನು ಪೇಟೆಗೆ ಹೊರಟಾಗಿತ್ತು. ಸೀರೆಗೆ ಹಾಕುವ ನೇರಳೆ ಬಣ್ಣದ ಪುಡಿ ತಂದೆ. ಸುಮಿತ್ರಾಳ ಮೀನುಸಾರಿನ ದೊಡ್ಡ ಪಾತೇಲಿಯಲ್ಲಿ ನೀರು ಕಾಯಿಸಿ ಪುಡಿ ಸುರಿದು, ಕವಚವನ್ನು ಮುಳುಗಿಸಿ, ಮರದ ಸೌಟಿನಿಂದ ತಿರುವುತ್ತ ನಿಂತೆ. ಸೀರೆಯ ಬಣ್ಣ ಸೀರೆಗೆ ಮಾತ್ರ ಹತ್ತುತ್ತದೆ ಎಂದು ಆಮೇಲೆ ತಿಳಿಯಿತು. ಸೀರೆಗೆ ಮತ್ತು ಪಾತೇಲಿಗೆ, ಸೌಟಿಗೆ, ಅಡುಗೆಕಟ್ಟೆಗೆ, ನನ್ನ ಮೊಣಕೈವರೆಗೆ. ಕವಚವೊಂದು ಮಾತ್ರ ಸ್ನಾನ ಮಾಡಿ ಬಂದ ಮುದುಕನಂತೆ ಅದೇ ಹಳದಿಯಲ್ಲಿ ಹೊರಗೆ ಬಂತು. ಮರುದಿನ ಬಂದ ಸುಮಿತ್ರಾ ಅಡುಗೆಮನೆಯ ಬಾಗಿಲಲ್ಲೇ ನಿಂತು, “ಪೆಟ್ಟಿಗೆ ಒಂದು ಬಿಟ್ಟು ಮನೆಗೆಲ್ಲಾ ಬಣ್ಣ ಬಂತಲ್ರಾ” ಎಂದಳು. ಸೋಮವಾರ ಬಸ್ಸಿನಲ್ಲಿ ಪಕ್ಕ ಕೂರುವ ಹಣಕೋಣದ ಸಹೋದ್ಯೋಗಿ ನನ್ನ ಕೈ ನೋಡಿ, “ಹತ್ತೂ ಬೆರಳಿಗೆ ಓಟು ಹಾಕಿ ಬಂದ್ಯಾ ಮಾರಾಯಾ?” ಎಂದು ಕೇಳಿದ. ಇಡೀ ಬಸ್ಸು ಕೈಗಾ ಮುಟ್ಟುವವರೆಗೆ ನಕ್ಕಿತು.

ಪಾತೇಲಿಯ ಸಿಟ್ಟು ಇಳಿದ ಮೇಲೆ ಸುಮಿತ್ರಾಳೇ ದಾರಿ ತೋರಿಸಿದಳು. “ಅಣ್ಣನ ಹತ್ರ ಕೊಡಿ. ಮಳೆಗಾಲಕ್ಕೆ ದೋಣಿ ಮೇಲೆ ಎಳ್ದಾರೆ, ಈಗ ಅವ್ರಿಗೆ ಬಣ್ಣ ಹಚ್ಚೂದೇ ಕೆಲ್ಸ.” ಅವಳ ಅಣ್ಣ ಗಂಗಾಧರ ಬಾವ ಅಂಕೋಲೆಯ ಬೇಲೆಕೇರಿಯಲ್ಲಿ ಇರುವವರು. ನಾನೂ ಮೀನುಗಾರರ ಮನೆಯಲ್ಲೇ ಹುಟ್ಟಿದವನು, ಆದರೆ ದೋಣಿ ಹತ್ತಿದರೆ ವಾಂತಿ. ಅದಕ್ಕೇ ನಮ್ಮ ಅಪ್ಪ ನನ್ನನ್ನು ಓದಿಸಿದ್ದು. ಬಾವ ಹಾಗಲ್ಲ. ಮೀನು ಹಿಡಿಯಬಾರದೆಂದು ಸರ್ಕಾರದ ಬಂದಿ ಇರುವ ಮಳೆಯ ತಿಂಗಳುಗಳಲ್ಲಿ ಅವರು ತಮ್ಮ ದೋಣಿಯನ್ನು ತಾಡಪತ್ರಿಯ ಮಾಡಿನ ಕೆಳಗೆ ಇಟ್ಟು, ಹಳೆ ಬಣ್ಣ ಕೆರೆದು, ಬಿರುಕಿಗೆಲ್ಲ ಪುಟ್ಟಿ ತುಂಬಿ, ಮರಳುಕಾಗದ ತಿಕ್ಕಿ, ಹೊಸ ಬಣ್ಣ ಹಚ್ಚುತ್ತಾರೆ. ಅವರ ದೋಣಿಯೊಳಗೆ ಒಂದು ಹನಿ ನೀರು ಬಂದದ್ದಿಲ್ಲ ಎಂದು ಬೇಲೆಕೇರಿಯಲ್ಲಿ ಹೆಸರಿದೆ. ನಾನು ಆಗಲೇ ಬಿಚ್ಚಿದ್ದ ಒಳಗಿನ ಯಂತ್ರವನ್ನು ಮನೆಯ ಸ್ಟೀಲ್ ಡಬ್ಬಿಯಲ್ಲಿಟ್ಟು, ಕವಚದ ಎರಡು ಹೋಳುಗಳನ್ನು ಮಾತ್ರ ಚೀಲದಲ್ಲಿ ಹಾಕಿಕೊಂಡು ಹೋದೆ.

ಬಾವ ಹೋಳುಗಳನ್ನು ತಿರುಗಿಸಿ ನೋಡಿದರು. “ಇದು ಎಂತದು ಬಾವೋರೆ? ಟಿಫಿನ್ ಡಬ್ಬಿಯಾ?”

“ಪೂರ್ವಿಯ ಗೇಮಿನ ಪೆಟ್ಟಿಗೆದು. ಮೇಲಿನ ಕವಚ.”

“ಒಳಗೆ ಎಂತ ಇರ್ತದೆ?”

ನನಗೆ ಗೊತ್ತಿದ್ದರೆ ತಾನೇ ಹೇಳುವುದು. ಆದರೂ ಕೈಗಾದ ಮುಖ ಮಾಡಿಕೊಂಡು, “ಸೂಕ್ಷ್ಮ ಯಂತ್ರ ಬಾವ. ಒಂದು ಹನಿ ನೀರು ತಾಗಬಾರ್ದು” ಎಂದೆ.

“ನೀರು ತಾಗಬಾರ್ದು, ಅಷ್ಟೇ ಅಲ್ದಾ? ಅದು ನಂಗೆ ಬಿಡಿ” ಎಂದರು ಬಾವ. ಲ್ಯಾವೆಂಡರ್ ಎಂದರೆ ಏನು ಎಂದು ಕೇಳಿದರು. ಬದನೆಕಾಯಿಗಿಂತ ತೆಳು ಎಂದೆ. “ನೋಡ್ವಾ” ಎಂದರು. ನಮ್ಮ ಕಡೆ ‘ನೋಡ್ವಾ’ ಎಂದರೆ ಆಗುವುದಿಲ್ಲ ಎಂದು ಅರ್ಥ. ಮದುವೆಯಾದಂದಿನಿಂದ ಕೇಳುತ್ತ ಬಂದ ನನಗೆ ಅದು ಹೊಳೆಯಬೇಕಿತ್ತು. ಮಧ್ಯೆ ಒಂದು ದಿನ ಫೋನು ಮಾಡಿ, “ಹಿಂದೆ ದೊಡ್ಡ ದೊಡ್ಡ ತೂತು ಅವೆಯಲ, ಅವು ಬೇಕಾ?” ಎಂದರು. ಅವು ವಯರು ಸಿಕ್ಕಿಸಲು, ಬಿಡಿ ಎಂದೆ. ಕೇಳಿದ ಪ್ರಶ್ನೆಗೆ ಸರಿ ಉತ್ತರ ಗೊತ್ತಿದ್ದ ಖುಷಿಯಲ್ಲಿ, ಆ ಪ್ರಶ್ನೆ ಯಾಕೆ ಬಂತು ಎಂದು ನಾನು ಯೋಚಿಸಲಿಲ್ಲ.

ಮಳೆಯಲ್ಲಿ ಬಣ್ಣ ಒಣಗುವುದೆಂದರೆ ಸುಲಭವಲ್ಲ. ಬಾವ ಹೋಳುಗಳನ್ನು ಮನೆಯೊಳಗೆ, ಒಣ ಸಿಗಡಿಯ ಚೀಲಗಳಿರುವ ಕೋಣೆಯಲ್ಲಿ ನೈಲಾನ್ ಹಗ್ಗಕ್ಕೆ ತೂಗುಹಾಕಿ ಒಣಗಿಸಿ, ಒಂದು ಭಾನುವಾರ ತಾವೇ ತೆಗೆದುಕೊಂಡು ಬಂದರು. ಚೀಲ ಬಿಚ್ಚಿದಾಗ ಮೊದಲು ಸಿಗಡಿಯ ವಾಸನೆ ಬಂತು, ಆಮೇಲೆ ಬಣ್ಣ ಕಂಡಿತು. ಲ್ಯಾವೆಂಡರ್ ಅಲ್ಲ; ದೋಣಿಯ ಗಟ್ಟಿ ನೀಲಿ. ಸುತ್ತ ಒಂದು ಕೇಸರಿ ಪಟ್ಟಿ. ಮುಂಭಾಗದಲ್ಲಿ ನೆರಳು ಕೊಟ್ಟು ಬರೆದ ಹಳದಿ ಅಕ್ಷರಗಳಲ್ಲಿ ‘ಪೂರ್ವಿ’. “ನೇರಳೆ ದೋಣಿ ಯಾರೂ ಮಾಡೂದಿಲ್ಲ ಬಾವೋರೆ” ಎಂದು ಬಾವ ಸಮಾಧಾನ ಹೇಳಿದರು. ಮೈ ಮಾತ್ರ ಕನ್ನಡಿಯಂತೆ ನುಣುಪು. ನಾನು ಕೈಯಾಡಿಸಿ, “ಏನು ಫಿನಿಶಿಂಗ್ ಬಾವ” ಎಂದು ಮನಸಾರೆ ಹೊಗಳಿದೆ. ಎಲ್ಲ ಸೇರಿಸಿ ಸ್ಕ್ರೂ ಬಿಗಿದೆ. ಶುರು ಮಾಡಲು ಹೋದರೆ ಬಾವ ಕೈ ಹಿಡಿದರು. ಬಣ್ಣ ಹಚ್ಚಿದ್ದನ್ನು ಕಾಯಿ ಒಡೆಯದೆ ನೀರಿಗೆ ಇಳಿಸುವ ಪದ್ಧತಿ ಅವರ ಮನೆಯಲ್ಲಿ ಇಲ್ಲ. ಸುಮಿತ್ರಾ ಹೂವು ತಂದಳು, ಟೀವಿಯ ಮುಂದೆ ಕಾಯಿ ಒಡೆಯಿತು, ಪೆಟ್ಟಿಗೆಯ ಹಣೆಗೆ ಕುಂಕುಮ ಬಿತ್ತು.

ಈ ಸದ್ದಿಗೆ ಪೂರ್ವಿ ಕೋಣೆಯಿಂದ ಹೊರಗೆ ಬಂದಳು. ಅವಳು ಕೇಸರಿ ಪಟ್ಟಿ ನೋಡಿದಳು, ತನ್ನ ಹೆಸರು ನೋಡಿದಳು, ಮೂಗು ಹತ್ತಿರ ತಂದು ವಾಸನೆ ನೋಡಿದಳು. ಆಮೇಲೆ ಚಾಪೆಯ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದಳು. “ಮಾಮಾ, ಇದ್ರಲ್ಲಿ ಬಂಗಡೆ ಹಿಡೀಲಿಕ್ಕೆ ಹೋಗೂದಾ?” ಫೋಟೊ ತೆಗೆದು ಗೆಳತಿಯರಿಗೆಲ್ಲ ಕಳಿಸಿದಳು, ಇಂಥದ್ದು ತಮಗೂ ಬೇಕೆಂದು ಅವರಿಂದ ಉತ್ತರ ಬಂತಂತೆ. ಅಂದು ಸಂಜೆ ತಾನಾಗಿಯೇ ಚಾಪೆ ಹಾಸಿದಳು. ನಾನು ಮೊದಲ ತಿರುವಿನಲ್ಲೇ ಗೋಡೆಗೆ ಗುದ್ದಿದೆ. ಇಷ್ಟು ಸಂತೋಷದಿಂದ ಯಾರೂ ಗೋಡೆಗೆ ಗುದ್ದಿರಲಾರರು.

ಸ್ವಲ್ಪ ಹೊತ್ತಾದ ಮೇಲೆ ಪೆಟ್ಟಿಗೆ ಕಾದು, ಟೀವಿಯಲ್ಲಿ ಏನೋ ಎಚ್ಚರಿಕೆ ತೋರಿಸಿ, ತಾನೇ ಆರಿಹೋಯಿತು. “ಹೊಸ ಬಣ್ಣ, ಹೊಂದಿಕೊಳ್ಳಬೇಕು” ಎಂದು ನಾನು ವಿಜ್ಞಾನಿಯಂತೆ ಹೇಳಿ ಟೇಬಲ್ ಫ್ಯಾನು ತಂದಿಟ್ಟೆ. ದಿನವೂ ಹೀಗೇ ಆಗತೊಡಗಿತು. ಸ್ವಲ್ಪ ಆಟ, ಆಮೇಲೆ ಪೆಟ್ಟಿಗೆ ತಣಿಯುವವರೆಗೆ ಫ್ಯಾನಿನ ಮುಂದೆ ಮೂವರೂ ಸುಮ್ಮನೆ ಕೂರುವುದು: ನಾನು, ಪೂರ್ವಿ ಮತ್ತು ಪೆಟ್ಟಿಗೆ. ಸುಮ್ಮನೆ ಕೂರುವುದು ಎಷ್ಟು ಹೊತ್ತು ಸಾಧ್ಯ? ಅವಳು ಮಾತಾಡತೊಡಗಿದಳು. ಫಿಸಿಕ್ಸ್ ಒಂದಕ್ಷರ ತಲೆಗೆ ಹೋಗುತ್ತಿಲ್ಲ ಎಂದಳು. ನಪಾಸಾಗುತ್ತೇನೆ ಎಂದು ಹೆದರಿಕೆಯಾಗುತ್ತದೆ, ಅದಕ್ಕೇ ಬಾಗಿಲು ಮುಚ್ಚಿಕೊಂಡು ಕೂರುತ್ತೇನೆ ಎಂದಳು. ನಾನು ಫೋನಿಗೋಸ್ಕರ ಎಂದುಕೊಂಡಿದ್ದೆ. ಒಂದು ಸಂಜೆ ಇದ್ದಕ್ಕಿದ್ದಂತೆ, “ಪಪ್ಪಾ, ನೀನು ಕೈಗಾದಲ್ಲಿ ಖರೆ ಎಂತ ಮಾಡ್ತಿ?” ಎಂದು ಕೇಳಿದಳು. ಫಿಸಿಕ್ಸ್ ಬಾರದ ಮಗಳಿಗೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಜನರ ರಜೆ ಎಣಿಸುತ್ತೇನೆ ಎಂದೆ. “ನಂಗೆ ಯಾವಾಗಿಂದ್ಲೂ ಗೊತ್ತು” ಎಂದಳು. ನನಗೆ ಯಾಕೋ ಬಹಳ ಹಗುರವಾಯಿತು.

ಆದರೆ ಹೆಣ್ಣುಮಕ್ಕಳ ಕಣ್ಣು ಸೂಕ್ಷ್ಮ. ಒಂದು ಸಂಜೆ ಅವಳು ಪೆಟ್ಟಿಗೆಯ ಮೈಮೇಲೆ ಬೆರಳಾಡಿಸುತ್ತ, “ಇಲ್ಲಿ ಸಣ್ಣ ಸಣ್ಣ ಸೀಳು ಇತ್ತಲ, ಗಾಳಿ ಆಡೂಕೆ. ಎಲ್ಲಿ ಹೋತು?” ಎಂದಳು. ಬಾವನಿಗೆ ಫೋನು ಮಾಡಿದೆ. ಅವರ ದನಿಯಲ್ಲಿ ಹೆಮ್ಮೆ ಉಕ್ಕುತ್ತಿತ್ತು. “ಅಯ್ಯೋ ಬಾವೋರೆ, ಎಷ್ಟು ಸೀಳು ಬಿಟ್ಟಿತ್ತು ಗೊತ್ತದ್ಯಾ? ಸಾಲಿಗೆ ಸಾಲು. ಹೊರಗೆ ಗೊತ್ತಾಗದಂಗೆ ಒಂದೊಂದ್ಕೂ ಪುಟ್ಟಿ ತುಂಬ್ಸಿ ತಿಕ್ಕಿದ್ದೆ. ಸಮುದ್ರಕ್ಕೆ ಎಸೀರಿ ಬೇಕಾರೆ, ಹನಿ ನೀರು ಹೋಗೂದಿಲ್ಲ.” ನೀರು ತಾಗಬಾರದು ಎಂದವನು ನಾನು. ನುಣುಪು ಎಂದು ಹೊಗಳಿದವನೂ ನಾನು. “ಬಹಳ ಉಪಕಾರ ಆಯ್ತು ಬಾವ” ಎಂದು ಫೋನಿಟ್ಟೆ.

ಪೂರ್ವಿ ದಬ್ಬಣ ಹಿಡಿದು ಕೂತು ಸೀಳುಗಳನ್ನೆಲ್ಲ ಬಿಡಿಸಿದಳು. ನಾನು ಬೇಡವೆನ್ನಲು ಕಾರಣ ಹುಡುಕಿದೆ, ಸಿಗಲಿಲ್ಲ. ಅಂದಿನಿಂದ ಪೆಟ್ಟಿಗೆ ಕಾಯುವುದಿಲ್ಲ, ಆರುವುದಿಲ್ಲ. ಫ್ಯಾನು ಕೋಣೆಗೆ ಹೋಯಿತು. ಅವಳು ಈಗಲೂ ದಿನವೂ ಚಾಪೆ ಹಾಸುತ್ತಾಳೆ, ಆಡುತ್ತಾಳೆ, ನನ್ನನ್ನು ಸೋಲಿಸುತ್ತಾಳೆ, ಓದಲು ಎದ್ದು ಹೋಗುತ್ತಾಳೆ. ಆದರೆ ಕಣ್ಣು ಪೂರ್ತಿ ಟೀವಿಯ ಮೇಲೆ. ನಡುವೆ ನಿಲ್ಲುವುದಿಲ್ಲ, ಆದ್ದರಿಂದ ಮಾತೂ ಇಲ್ಲ. ನಾನು ಗೋಡೆಗೆ ಗುದ್ದಿದರೂ ತಿರುಗಿ ನೋಡುವುದಿಲ್ಲ. ನೋಡಿ ನೋಡಿ ಸಾಕಾಗಿರಬೇಕು.

ನಿನ್ನೆ ಗಂಗಾಧರ ಬಾವ ಫೋನು ಮಾಡಿದ್ದರು. ಬಂದಿ ಮುಗಿಯುತ್ತ ಬಂತು, ದೋಣಿ ನೀರಿಗೆ ಇಳಿಸುವ ದಿನ ನೋಡಿದ್ದೇವೆ, ಎಲ್ಲರೂ ಬನ್ನಿ ಎಂದರು. ಡಬ್ಬಿಯ ತಳದಲ್ಲಿ ಸ್ವಲ್ಪ ಪುಟ್ಟಿ ಉಳಿದಿದೆಯಂತೆ, ಎಸೆದುಬಿಡಲಾ ಎಂದು ತಮ್ಮ ಹೆಂಡತಿಯನ್ನು ಕೇಳುತ್ತಿದ್ದದ್ದು ಫೋನಿನಲ್ಲಿ ಕೇಳಿಸಿತು. ನಾನು ಹಿಂದೆ ಮುಂದೆ ನೋಡಿದೆ. ಪೂರ್ವಿ ಕೋಣೆಯಲ್ಲಿದ್ದಳು, ಸುಮಿತ್ರಾ ಅಡುಗೆಮನೆಯಲ್ಲಿ ನೇರಳೆ ಪಾತೇಲಿ ತಿಕ್ಕುತ್ತಿದ್ದಳು.

“ಎಸೀಬೇಡಿ ಬಾವ” ಎಂದು ಮೆಲ್ಲಗೆ ಹೇಳಿದೆ. “ನಂಗೆ ತೆಗ್ದಿಡಿ.”