ಒಂದೂವರೆ ವೇಗದಲ್ಲಿ ಹಳೆಯ ರಾಜಧಾನಿ

"ಎರಡು ಗಂಟೆಯ ನಡಿಗೆಯಂತೆ! ಒಂದು ಗಂಟೆ ಇಪ್ಪತ್ತು ನಿಮಿಷದಲ್ಲಿ ಮುಗಿಸದೇ ಹೋದ್ರೆ ಆಮೇಲೆ ಕೇಳು!"

ಹಳೆಯ ರಾಜಧಾನಿಯ ಕೋಟೆ ಬಾಗಿಲಿನೆದುರು ನಿಂತು ಕಂಟ್ರೋಲರು ಹೆಂಡತಿಗೆ ಹೀಗೆಂದು ಘೋಷಿಸಿದರು. ನಾಲ್ಕು ನೂರು ವರ್ಷ ಯಾವ ಸೈನ್ಯಕ್ಕೂ ಜಗ್ಗದೆ ನಿಂತ ಕೋಟೆ ಆ ದನಿಗೆ ಒಮ್ಮೆ ಅದುರಿರಬೇಕು. ಕಡೇಪಕ್ಷ ಅದರ ಮೇಲಿದ್ದ ಪಾರಿವಾಳಗಳೆಲ್ಲ ಹಾರಿಹೋದವು.

ಕಂಟ್ರೋಲರು ಎಂದರೆ ಬಸ್ ನಿಲ್ದಾಣದ ಕಂಟ್ರೋಲರು. ಇಪ್ಪತ್ತೇಳು ವರ್ಷದಿಂದ ಸೀಟಿ ಊದಿ ಬಸ್ಸು ಹೊರಡಿಸುತ್ತಿರುವವರು. ಮೈಕು ಕೆಟ್ಟ ದಿನವೂ ಅವರ ಗಂಟಲು ಹನ್ನೆರಡನೇ ಪ್ಲಾಟ್‌ಫಾರ್ಮಿನ ತುದಿ ಮುಟ್ಟುತ್ತಿತ್ತು. ಅವರ ಸಿದ್ಧಾಂತ ಒಂದೇ: ಬೋರ್ಡಿನಲ್ಲಿ ಹತ್ತು ಹತ್ತಕ್ಕೆ ಬಸ್ಸು ಬರುತ್ತದೆ ಎಂದಿದ್ದರೆ ಹತ್ತು ಹತ್ತಕ್ಕೆ ಬಂದಿದೆ ಎಂದೇ ಲೆಕ್ಕ. ಬಸ್ಸು ಕಣ್ಣಿಗೆ ಕಾಣದಿದ್ದರೆ ಅದು ಬಸ್ಸಿನ ತಪ್ಪು, ಬೋರ್ಡಿನದಲ್ಲ.

ಹೆಂಡತಿ ಪ್ರಾಥಮಿಕ ಶಾಲೆಯ ಟೀಚರು. ಮಕ್ಕಳಿಗೆ ಉಕ್ತಲೇಖನ ಹೇಳಿ ಹೇಳಿ, ಪೂರ್ಣವಿರಾಮ ಬರುವ ತನಕ ಕಾಯುವ ಅಭ್ಯಾಸ ಆಕೆಗೆ ಮೈಗೂಡಿತ್ತು. ಇಂಥ ಇಬ್ಬರನ್ನು ಒಂದೇ ಮನೆಯಲ್ಲಿ ಇಟ್ಟವರು ಯಾರೋ, ಅವರಿಗೂ ಹಾಸ್ಯಪ್ರಜ್ಞೆ ಇದ್ದಿರಬೇಕು.

ಈ ರಾಜಧಾನಿಯನ್ನು ತೋರಿಸಲು ಗೈಡು ಬೇಕಿಲ್ಲ. ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡರೆ ಫೋನಿನೊಳಗಿನ ಹೆಣ್ಣು ದನಿಯೊಂದು ದಾರಿ ಹೇಳುತ್ತದೆ. ನಡೆಯಿರಿ ಎಂದರೆ ನಡೆಯಬೇಕು, ನಿಲ್ಲಿ ಎಂದರೆ ನಿಲ್ಲಬೇಕು. ಒಂದು ಜಾಗದಿಂದ ಇನ್ನೊಂದಕ್ಕೆ ಹೋಗಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಡುವೆ ವಾದ್ಯಸಂಗೀತ. ಇಬ್ಬರ ಫೋನಿನಲ್ಲೂ ಅದಿತ್ತು.

"ನಾನು ಒಂದೂವರೆ ವೇಗಕ್ಕೆ ಇಟ್ಕೊಂಡಿದೀನಿ," ಎಂದು ಕಂಟ್ರೋಲರು ಬೀಗಿದರು.

"ರೀ, ಅವಳ ಮಾತು ಜೋರಾಗತ್ತೆ, ಒಪ್ಪಿದೆ. ನಿಮ್ಮ ಕಾಲು ಜೋರಾಗತ್ತಾ?"

"ನೋಡ್ತಾ ಇರು!" ಎಂದವರೇ ಎಡಗೆನ್ನೆ ಹಿಡಿದುಕೊಂಡರು. "ಸ್ಸ್..."

ಅದು ಎಡ ದವಡೆಯ ಹಲ್ಲು. ಮೂರು ವಾರದಿಂದ ಕೆನ್ನೆ ಊದಿಸಿಕೊಂಡು, ಲವಂಗ ಕಚ್ಚಿಕೊಂಡು, ಏನೂ ಆಗಿಲ್ಲವೆಂದು ಓಡಾಡುತ್ತಿದ್ದರು. ಹೆಂಡತಿ ಐದು ಸಲ ಡಾಕ್ಟರ ಹತ್ತಿರ ಹೊತ್ತು ಗೊತ್ತು ಮಾಡಿದ್ದಳು. ಐದು ಸಲವೂ ನಿಲ್ದಾಣದಲ್ಲಿ ಭಾರೀ ತುರ್ತು ಕೆಲಸ ಬಂದುಬಿಟ್ಟಿತ್ತು! ಲಕ್ಷಗಟ್ಟಲೆ ಬಸ್ಸು ಹೊರಡಿಸಿದ ಮನುಷ್ಯ ಹಲ್ಲಿನ ಡಾಕ್ಟರ ಕಡೆಗೆ ಮಾತ್ರ ಒಂದು ದಿನವೂ ಹೊರಟಿರಲಿಲ್ಲ.

"ಪಂದ್ಯ ಕಟ್ಟೋಣ್ವಾ?" ಎಂದಳು ಹೆಂಡತಿ. "ನಡಿಗೆ ಮುಗಿಯೋದು ಗಡಿಯಾರದ ಗೋಪುರದ ಹತ್ರ. ಎಲ್ಲಾ ಜಾಗ ನೋಡ್ಕೊಂಡು ಮೊದಲು ಅಲ್ಲಿಗೆ ಬಂದೋರು ಗೆದ್ದ ಹಾಗೆ. ನಾನು ಗೆದ್ರೆ ನೀವು ಇವತ್ತೇ ಆ ಹಲ್ಲು ಕೀಳಿಸ್ಬೇಕು."

"ನಾನು ಗೆದ್ರೆ ನೀನು ಸಾಯೋ ತನಕ ನನ್ನ ಹಲ್ಲಿನ ಸುದ್ದಿ ಎತ್ತಕೂಡದು!"

"ಆಗಲಿ."

ಕಂಟ್ರೋಲರು ಗಡಿಯಾರ ನೋಡಿದರು. ಹತ್ತು ಗಂಟೆ. ಬಾಯಲ್ಲೇ ಒಂದು ಸೀಟಿ ಊದಿ ಹೊರಟೇಬಿಟ್ಟರು.

ಮೊದಲ ಹತ್ತು ನಿಮಿಷ ಎಲ್ಲವೂ ಅಮೋಘ. ಆಮೇಲೆ ಶುರುವಾಯಿತು ನೋಡಿ ತಕರಾರು. ವಾದ್ಯಸಂಗೀತ ಗಡಗಡ ಮುಗಿದುಹೋಗುತ್ತಿತ್ತು; ಕಂಟ್ರೋಲರ ಕಾಲುಗಳು ಮಾತ್ರ ಐವತ್ತಮೂರು ವರ್ಷ ಹಳೆಯ ಮಾಡೆಲ್ಲು. ದನಿ ಒಂದು ಬೀದಿ ಮುಂದೆ, ಅವರು ಒಂದು ಬೀದಿ ಹಿಂದೆ.

"ಇದೋ, ನಿಮ್ಮ ಬಲಕ್ಕೆ ಮಹಾರಾಣಿಯ ಸ್ನಾನಗೃಹ," ಎಂದಿತು ದನಿ.

ಬಲಕ್ಕೆ ಒಂದು ಲಾಂಡ್ರಿ ಇತ್ತು. ಕಂಟ್ರೋಲರು ಅರೆಕ್ಷಣ ತಬ್ಬಿಬ್ಬಾದರು. ಆದರೆ ಬೋರ್ಡು ಸುಳ್ಳು ಹೇಳುವುದುಂಟೇ? ನೀರಿದೆ, ಸೋಪಿದೆ, ಹಬೆ ಏಳುತ್ತಿದೆ. ಸ್ನಾನಗೃಹವೇ ಸೈ! ಕಾಲಕ್ಕೆ ತಕ್ಕಂತೆ ಬಾಡಿಗೆಗೆ ಕೊಟ್ಟಿದ್ದಾರೆ, ಅಷ್ಟೆ.

ಕಿವಿಯಲ್ಲಿ ಇಯರ್‌ಫೋನು ಇರುವವರಿಗೆ ತಮ್ಮ ದನಿ ಎಷ್ಟು ದೊಡ್ಡದಾಗಿದೆಯೆಂದು ತಿಳಿಯುವುದಿಲ್ಲ. ಕಂಟ್ರೋಲರ ದನಿಯಂತೂ ಕೇಳುವುದೇ ಬೇಡ. ದನಿ ಹೇಳಿದ್ದನ್ನೆಲ್ಲ ಅವರು ಅಭ್ಯಾಸಬಲದಿಂದ ಘೋಷಿಸತೊಡಗಿದರು: "ಗಮನಿಸಿ! ಇದು ಮಹಾರಾಣಿಯ ಸ್ನಾನಗೃಹ! ಇಲ್ಲಿ ಅವರು ಗುಲಾಬಿ ನೀರಿನಲ್ಲಿ ಮೀಯುತ್ತಿದ್ದರು!"

ಇಸ್ತ್ರಿ ಮಾಡುತ್ತಿದ್ದವನು ಗಾಬರಿಯಿಂದ ತನ್ನ ಬಕೆಟ್ಟಿನೊಳಗೆ ಇಣುಕಿದ. ದಾರಿಯಲ್ಲಿ ಹೋಗುತ್ತಿದ್ದ ಪ್ರವಾಸಿಗಳು ನಿಂತರು. ಇಷ್ಟು ಗಟ್ಟಿಯಾಗಿ ಹೇಳುವ ಗೈಡು ಸಿಕ್ಕಿದ್ದೇ ಪುಣ್ಯವೆಂದು ಬೆನ್ನು ಹತ್ತಿದರು. ಎಲ್ಲರಿಗಿಂತ ಮುಂದೆ ಛತ್ರಿ ಹಿಡಿದ ಒಬ್ಬ ಅಜ್ಜಿ.

"ಇನ್ನೂರು ಕುದುರೆಗಳ ಲಾಯ!" ಎಂದು ಕಂಟ್ರೋಲರು ಸಾರಿದ್ದು ಸ್ಕೂಟರು ರಿಪೇರಿ ಅಂಗಡಿಯ ಎದುರು.

"ಕುದುರೆ ಎಲ್ಲಪ್ಪಾ?" ಎಂದು ಅಜ್ಜಿ ಅವರ ತೋಳು ಜಗ್ಗಿದಳು.

"ಹಳೇ ಕಾಲದ್ದಮ್ಮಾ! ಈಗ ಚಕ್ರ ಬಂದಿದೆ! ಬೇಗ ಬೇಗ ಬನ್ನಿ, ಲೇಟಾಗ್ತಿದೆ!"

ಅಂತೂ ದಾರಿ ತಪ್ಪಿದಾಗಲೆಲ್ಲ ದನಿಯನ್ನು ಹಿಂದಕ್ಕೆ ಓಡಿಸಿ, ಬಂದ ಬೀದಿಗಳನ್ನೇ ಮತ್ತೆ ಸುತ್ತಿ, ಓಡಿ ಓಡಿ, ಬೆವರಿನಲ್ಲಿ ತೊಯ್ದು, ಒಂದು ಕಿರುಬೀದಿಯಲ್ಲಿ ಕಂಟ್ರೋಲರು ದನಿಯನ್ನು ಹಿಡಿದೇಬಿಟ್ಟರು. ಅದು ಹೇಳಿದ ಕಲ್ಲಿನ ಕಮಾನು ಎದುರಿಗೇ ಇತ್ತು! ಹಿಂದೆ ಇಪ್ಪತ್ತೈದು ಜನ. ಹೆಂಡತಿಯ ಸುಳಿವೇ ಇಲ್ಲ. ಗೆಲುವು ಕೈಯಳತೆಯಲ್ಲಿತ್ತು.

"ಇಲ್ಲಿ ಅರ್ಧ ನಿಮಿಷ ನಿಂತು, ಮುಂದಿನ ಮಾತನ್ನು ಗಮನವಿಟ್ಟು ಕೇಳಿ," ಎಂದಿತು ದನಿ.

ನಿಲ್ಲುವುದೇ! ಹೊರಟ ಬಸ್ಸನ್ನು ಅರ್ಧ ನಿಮಿಷ ನಿಲ್ಲಿಸಿದ ಡ್ರೈವರಿಗೆ ಮೆಮೊ ಕೊಟ್ಟವರು ಅವರು. ಬೆರಳಿನಿಂದ ಒಂದು ಸಲ ಒತ್ತಿ ಆ ಅರ್ಧ ನಿಮಿಷವನ್ನು ಹಾರಿಸಿಬಿಟ್ಟರು.

"...ಬಾಗಿಲು ತಳ್ಳಿ ಸೆರೆಮನೆಯ ಒಳಗೆ ಹೋಗಿ. ಸಂಕೋಚ ಬೇಡ."

ಬಲಕ್ಕೊಂದು ಬಾಗಿಲಿತ್ತು. ಅದರ ಮೇಲೆ ಏನೋ ಬೋರ್ಡೂ ಇತ್ತು. ಬೋರ್ಡು ಬರೆಸಿ ಅಭ್ಯಾಸವೇ ಹೊರತು ಓದಿ ಅಭ್ಯಾಸವಿಲ್ಲದ ಕಂಟ್ರೋಲರು ಬಾಗಿಲು ತಳ್ಳಿ ನುಗ್ಗಿದರು. ಹಿಂದೆ ಇಪ್ಪತ್ತೈದು ಜನವೂ ನುಗ್ಗಿದರು.

ಒಳಗೆ ಬೆಂಚಿನ ಮೇಲೆ ನಾಲ್ವರು ಕೆನ್ನೆ ಹಿಡಿದು, ಮುಖ ಕಿವುಚಿಕೊಂಡು ಕೂತಿದ್ದರು. ಕೈದಿಗಳ ಗೊಂಬೆ ಎಷ್ಟು ಚೆನ್ನಾಗಿ ಮಾಡಿದ್ದಾರಪ್ಪಾ ಎಂದು ಕಂಟ್ರೋಲರು ಮನಸ್ಸಿನಲ್ಲೇ ಮೆಚ್ಚಿ, ಕಿವಿಗೆ ಬಿದ್ದದ್ದನ್ನು ಮೊಳಗಿಸಿದರು:

"ಗಮನಿಸಿ! ಇದು ಅರಸರ ಕಾಲದ ಸೆರೆಮನೆ! ಎಂಥೆಂಥ ಗಟ್ಟಿಗರೂ ಈ ಕೋಣೆಗೆ ಬಂದ ಮೇಲೆ ಬಾಯಿ ಬಿಟ್ಟಿದ್ದಾರೆ! ಒಳಗೆ ಹೋದವರು ಹೋದ ಹಾಗೇ ಹೊರಗೆ ಬಂದದ್ದಿಲ್ಲ! ಅವರ ಚೀರಾಟ ಇಂದಿಗೂ ಕೇಳಿಸುತ್ತದೆ ಎನ್ನುತ್ತಾರೆ!"

ಸರಿಯಾಗಿ ಆಗಲೇ ಒಳಕೋಣೆಯಿಂದ ಗುರ್ರ್ ಎಂದು ಯಂತ್ರದ ಸದ್ದು. ಹಿಂದೆಯೇ "ಆಆಆ!" ಎಂದು ಮನುಷ್ಯನ ಚೀರಾಟ.

"ಅಯ್ಯಯ್ಯೋ! ಇನ್ನೂ ನಡೀತಾ ಇದೆ!" ಎಂದು ಅಜ್ಜಿ ಛತ್ರಿ ಬಿಟ್ಟು ಓಡಿದಳು. ಪ್ರವಾಸಿಗಳು ಓಡಿದರು. ನಾಲ್ಕು ಗೊಂಬೆಗಳೂ ಎದ್ದು ಓಡಿದವು! ಕೊನೆಗೆ ಒಳಗಿನಿಂದ, ಕೊರಳಿಗೆ ಕಟ್ಟಿದ ಬಿಳಿ ಬಟ್ಟೆಯ ಸಮೇತ, ಬಾಯಿ ತೆರೆದವನು ತೆರೆದ ಹಾಗೇ ಒಬ್ಬ ಓಡಿಹೋದ. ಅವನ ಹಿಂದೆಯೇ ಕೈಯಲ್ಲಿ ಇಕ್ಕಳ ಹಿಡಿದು ಬಂದರು ಡಾಕ್ಟರಮ್ಮ.

ಕಂಟ್ರೋಲರು ಮೆಲ್ಲಗೆ ಇಯರ್‌ಫೋನು ತೆಗೆದರು.

"ಯಾರ್ರೀ ನೀವು? ನನ್ನ ಪೇಷೆಂಟುಗಳನ್ನೆಲ್ಲ ಓಡಿಸಿದ್ರಲ್ಲ!"

"ಅದು... ದನಿ... ಒಂದೂವರೆ..."

ಡಾಕ್ಟರಮ್ಮನ ಕಣ್ಣು ಅವರ ಎಡಗೆನ್ನೆಯ ಮೇಲೆ ನಿಂತಿತು. ಸಿಟ್ಟು ಇಳಿಯಿತು, ಆಸಕ್ತಿ ಏರಿತು. "ಚೆನ್ನಾಗಿ ಊದಿದೆಯಲ್ಲ! ಬನ್ನಿ, ಕುರ್ಚಿ ಖಾಲಿ ಇದೆ. ನೀವೇ ಖಾಲಿ ಮಾಡಿಸಿದ್ದು."

ಕಂಟ್ರೋಲರು ಬಾಗಿಲಿನ ಕಡೆ ತಿರುಗಿದರು. ಅಲ್ಲಿ ಹೆಂಡತಿ ನಿಂತಿದ್ದಳು. ಒಂದು ಹನಿ ಬೆವರಿಲ್ಲ.

"ನೀನು ಹೇಗೆ ಇಲ್ಲಿ?"

"ನಾನು ನನ್ನ ಪಾಡಿಗೆ ಅವಳು ಹೇಳಿದ ಹಾಗೆ ಬಂದೆ. ಕಮಾನಿನ ಹತ್ರ ಅರ್ಧ ನಿಮಿಷ ನಿಂತೆ. ಏನಂದಳು ಗೊತ್ತಾ? 'ಸೆರೆಮನೆಯ ಬಾಗಿಲು ಎಡಕ್ಕಿದೆ. ಬಲಕ್ಕಿರುವುದು ಹಲ್ಲಿನ ವೈದ್ಯರದು. ಅವಸರದವರು ಅಲ್ಲಿಗೆ ನುಗ್ಗುವುದುಂಟು, ದಯವಿಟ್ಟು ನುಗ್ಗಬೇಡಿ' ಅಂದಳು."

"ವಾರಕ್ಕೆ ಇಬ್ರು ಬಂದೇ ಬರ್ತಾರೆ," ಎಂದರು ಡಾಕ್ಟರಮ್ಮ. "ಆದ್ರೆ ಜಾತ್ರೆ ಕಟ್ಕೊಂಡು ಬಂದೋರು ನೀವೇ ಮೊದಲು."

"ಪಂದ್ಯ ಇನ್ನೂ ಮುಗಿದಿಲ್ಲ! ಗೋಪುರ ಬಾಕಿ ಇದೆ!" ಎಂದು ಕಂಟ್ರೋಲರು ಕೊನೆಯ ಅಸ್ತ್ರ ಬಿಟ್ಟರು.

ಹೆಂಡತಿ ನಗಲಿಲ್ಲ. ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದಳು: "ಪಂದ್ಯ ಹಾಳಾಗಲಿ ರೀ. ಮೂರು ವಾರದಿಂದ ನೀವು ದಿಂಬು ಕಚ್ಕೊಂಡು ನರಳೋದು ನಂಗೆ ಕೇಳಲ್ಲ ಅನ್ಕೊಂಡಿದೀರಾ? ನಂಗೂ ನಿದ್ದೆ ಇಲ್ಲ. ಕೂತ್ಕೊಳ್ಳಿ. ನಾನು ಇಲ್ಲೇ ಇರ್ತೀನಿ."

ಇಂಥ ಮಾತಿಗೆ ಯಾವ ಮೆಮೊ ಕೊಡುವುದು? ತಾವು ಹೆದರಿದ್ದು ಇಕ್ಕಳಕ್ಕೆ ಎಂದು ಒಪ್ಪಿಕೊಳ್ಳಲು ಇಪ್ಪತ್ತೇಳು ವರ್ಷದ ಸರ್ವೀಸು ಅಡ್ಡ ಬಂತು. ಕಂಟ್ರೋಲರು ಹೋಗಿ ಕುರ್ಚಿಯ ಮೇಲೆ ಕೂತರು. ಗಟ್ಟಿಗರಲ್ಲಿ ಗಟ್ಟಿಗರಾದ ಅವರೂ ಕೊನೆಗೆ ಬಾಯಿ ಬಿಟ್ಟರು.

ಡಾಕ್ಟರಮ್ಮ ಯಂತ್ರಕ್ಕೆ ಕೈ ಹಾಕಿದಾಗ ಹೆಂಡತಿ ಅಂದಳು: "ನಿಧಾನಕ್ಕೆ ಮಾಡಿ ಡಾಕ್ಟ್ರೇ. ಒಂದೂವರೆ ವೇಗ ಬೇಡ."

ಹಲ್ಲು ಕಿತ್ತಾದ ಮೇಲೆ ಇಬ್ಬರೂ ಸೆರೆಮನೆ ನೋಡಿದರು. ನಿಜವಾದ ಸ್ನಾನಗೃಹಕ್ಕೂ ಲಾಯಕ್ಕೂ ಹೆಂಡತಿ ಅವರನ್ನು ಕೈ ಹಿಡಿದು ಮತ್ತೆ ಕರೆದೊಯ್ದಳು. ನಿಲ್ಲಿ ಎಂದಲ್ಲೆಲ್ಲ ಕಂಟ್ರೋಲರು ನಿಂತರು. ಗುಲಾಬಿ ನೀರು ಬರುತ್ತಿದ್ದ ಕಲ್ಲಿನ ಕೊಳವೆಯನ್ನು ಮುಟ್ಟಿ ನೋಡಿದರು. ಗಡಿಯಾರದ ಗೋಪುರದ ಕೆಳಗೆ ಬಂದಾಗ ಮಧ್ಯಾಹ್ನ ಎರಡು ಗಂಟೆ.

"ಒಂದು ಗಂಟೆ ಇಪ್ಪತ್ತು ನಿಮಿಷ ಅಂದಿದ್ರಿ," ಎಂದು ಹೆಂಡತಿ ಗೋಪುರದ ಮುಳ್ಳು ತೋರಿಸಿದಳು.

ಕಂಟ್ರೋಲರು ತಮ್ಮ ಕೈಗಡಿಯಾರ ಬಿಚ್ಚಿ ಜೇಬಿಗಿಳಿಸಿದರು.

ಹೆಂಡತಿ ತನ್ನ ಇಯರ್‌ಫೋನು ತೆಗೆದು ಗಂಡನ ಕಿವಿಗಿಟ್ಟಳು. ದನಿ ತನ್ನ ಸಹಜ ವೇಗದಲ್ಲಿ ಹೇಳುತ್ತಿತ್ತು: "ಇಲ್ಲಿಗೆ ನಮ್ಮ ನಡಿಗೆ ಮುಗಿಯಿತು. ಹೇಗಿತ್ತೆಂದು ದಯವಿಟ್ಟು ಬಾಯ್ತುಂಬ ಹೇಳಿ."

ಹೇಳುವುದೇನೋ ಬೇಕಾದಷ್ಟಿತ್ತು. ಆದರೆ ಕಂಟ್ರೋಲರ ಬಾಯ್ತುಂಬ ಇದ್ದದ್ದು ಹತ್ತಿ.