ಅಕ್ಕನ ಬಂಗು, ನನ್ನ ಮುಖ

ನನ್ನ ಅಕ್ಕನ ನಿಜವಾದ ಮುಖವನ್ನು ಜೇವರ್ಗಿಯಲ್ಲಿ ಯಾರೂ ನೋಡಿರಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ನಂಬದಿದ್ದರೆ ಬಿಡಿ, ನನಗೇನು! ಬೆಳಿಗ್ಗೆ ಹಾಲಿನವನು ಬಾಗಿಲು ಬಡಿದರೂ ಅವಳು ಮೊದಲು ಕನ್ನಡಿಯ ಮುಂದೆ ನಿಲ್ಲುತ್ತಾಳೆ. ಒಂದು ಪದರ ಕ್ರೀಮು, ಅದರ ಮೇಲೆ ಇನ್ನೊಂದು ಪದರ ಕ್ರೀಮು, ಅದರ ಮೇಲೆ ಪೌಡರು. ಆಮೇಲೆ ಪಾತೇಲಿ ಹಿಡಿದು ಬಾಗಿಲಿಗೆ ಹೋಗುತ್ತಾಳೆ. ಅಷ್ಟರಲ್ಲಿ ಹಾಲಿನವನು ಮುಂದಿನ ಓಣಿ ಮುಟ್ಟಿರುತ್ತಾನೆ. ನಾವು ಮನೆಯವರೆಲ್ಲ ಆರೋಗ್ಯಕ್ಕಾಗಿ ಕರಿ ಚಹಾ ಕುಡಿಯುತ್ತೇವೆ ಎಂದು ಓಣಿಯಲ್ಲಿ ಒಳ್ಳೆಯ ಹೆಸರಿದೆ!

ಇಷ್ಟೆಲ್ಲ ಯಾಕೆ ಅಂತೀರಾ? ಅಕ್ಕನ ಎರಡೂ ಕೆನ್ನೆಗಳ ಮೇಲೆ ಬಂಗು ಇದೆ. ಕಂದು ಬಣ್ಣದ ಕಲೆ, ಮೂಗಿನ ಮೇಲೂ ಸ್ವಲ್ಪ ಹರಡಿದೆ. ಬಂಗು ಎಷ್ಟು ಹೆಂಗಸರಿಗಿಲ್ಲ! ಬಂದವರು ಬಂದಿದೆ ಎಂದು ಸುಮ್ಮನಿರುತ್ತಾರೆ. ಅಕ್ಕ ಸುಮ್ಮನಿರುವಂತಿಲ್ಲ, ಏಕೆಂದರೆ ಅವಳು ಬಸ್‌ಸ್ಟ್ಯಾಂಡ್ ಹತ್ತಿರ ಬ್ಯೂಟಿ ಪಾರ್ಲರ್ ಇಟ್ಟುಕೊಂಡಿದ್ದಾಳೆ.

"ತನ್ನ ಮಾರೀನೇ ನೆಟ್ಟಗ ಇಟ್ಕೊಳ್ಳಾಕ ಬರಲಾರದಾಕಿ ನಮ್ಮ ಮಾರಿ ಏನ್ ಚಂದ ಮಾಡ್ತಾಳ ಅಂತಾರಲೇ ತಮ್ಮಾ! ಒಬ್ಬಾಕಿಗೆ ಗೊತ್ತಾದ್ರೂ ನನ್ನ ಅಂಗಡಿ ಮುಚ್ಚಿತು ತಿಳ್ಕೊ."

ಅವ್ವ ತೀರಿಕೊಂಡಾಗ ನಾನು ಇನ್ನೂ ಶಾಲೆಗೆ ಸೇರಿರಲಿಲ್ಲ. ನನ್ನನ್ನು ಸಾಕಿದವಳು ಅಕ್ಕ. ಈಗ ಇಜೇರಿಯ ಶಾಲೆಯಲ್ಲಿ ಮಾಸ್ತರನಾಗಿದ್ದರೂ ಅವಳ ಮನೆಯಲ್ಲೇ ಇದ್ದೇನೆ. ಊರಿಗೆಲ್ಲ ನಾನು ಸರ್, ಮನೆಯಲ್ಲಿ ಮಾತ್ರ ಕರೆದಾಗ ಓಡಿಬರಬೇಕಾದ ಆಳು. ಹೀಗಾಗಿ ಅಕ್ಕ ಲೇಸರ್ ಮಾಡಿಸಿಕೊಳ್ಳಲು ಗುಟ್ಟಾಗಿ ಕಲಬುರಗಿಗೆ ಹೊರಟಾಗ ಜೊತೆಗೆ ಹೋಗುವ ಕರ್ಮ ನನ್ನದೇ ಆಯಿತು.

ಗುಟ್ಟು ಎಂದೆನಲ್ಲ, ಆ ಗುಟ್ಟಿನ ಚಂದ ನೋಡಬೇಕಿತ್ತು! ಆಕಾಶದಲ್ಲಿ ಮೋಡ ಕವಿದಿದೆ, ಸಣ್ಣಗೆ ಮಳೆ ಹನಿಯುತ್ತಿದೆ. ಅಂಥ ದಿನ ಅಕ್ಕ ತಲೆಗೆ, ಮುಖಕ್ಕೆ ಓಢಣಿ ಸುತ್ತಿಕೊಂಡು, ಕಣ್ಣಿಗೆ ಕರಿ ಕನ್ನಡಕ ಹಾಕಿ ಬಸ್ಸು ಹತ್ತಿದಳು. ನನಗೂ ಮಾತಾಡಬೇಡ ಎಂದು ಸನ್ನೆ ಮಾಡಿದಳು. ಕಂಡಕ್ಟರ್ ಬಂದವನೇ ಬಸ್ಸಿಗೆಲ್ಲ ಕೇಳುವಂತೆ, "ಪಾರ್ಲರ್ ಅಕ್ಕಾರಽ, ಕಲಬುರಗಿಗೇನ್ರಿ? ಕಣ್ಣು ಬಂದಾವೇನ್ರಿ?" ಎಂದ.

ಡಾಕ್ಟರಮ್ಮ ಒಳ್ಳೆಯವರು. ಸಮಾಧಾನದಿಂದ ಹೇಳಿದರು: "ಲೇಸರ್ ಮಾಡಿದರೆ ಕಲೆ ತಿಳಿಯಾಗುತ್ತದೆ. ಆದರೆ ಬಂಗು ಮರಳಿ ಬರುವ ಜಾತಿಯದು. ಬಿಸಿಲಿಗೆ ಹೋಗಬೇಡಿ. ಒಲೆಯ ಝಳವೂ ತಾಗಬಾರದು. ದಿನಾ ಸನ್‌ಸ್ಕ್ರೀನ್ ಹಚ್ಚಿರಿ."

"ಹೊಳ್ಳಿ ಬರಲಾರದಂಥ ಮಶಿನ್ ಇಲ್ಲೇನ್ರಿ?" ಎಂದಳು ಅಕ್ಕ.

ಈ ಜಿಲ್ಲೆಯಲ್ಲಿ ಬಿಸಿಲಿಗೆ ಹೋಗಬೇಡಿ ಎನ್ನುವುದೆಂದರೆ ಉಸಿರಾಡಬೇಡಿ ಎಂದ ಹಾಗೆ. ಆದರೆ ಒಲೆಯ ವಿಷಯದಲ್ಲಿ ಅಕ್ಕ ಡಾಕ್ಟರ ಮಾತನ್ನು ಚಾಚೂ ತಪ್ಪದೆ ಪಾಲಿಸಿದಳು. ಅಂದಿನಿಂದ ರೊಟ್ಟಿ ಬಡಿಯುವವನು ನಾನು! ನನ್ನ ರೊಟ್ಟಿಗಳು ಒಮ್ಮೆ ಆಳಂದ ತಾಲ್ಲೂಕಿನ ನಕ್ಷೆಯ ಹಾಗೆ, ಒಮ್ಮೆ ಅಫಜಲಪುರ ತಾಲ್ಲೂಕಿನ ನಕ್ಷೆಯ ಹಾಗೆ ಬರುತ್ತಿದ್ದವು. ಭಾವ ಮಾತು ಕಡಿಮೆಯ ಮನುಷ್ಯ, ಯಾವ ತಾಲ್ಲೂಕು ಕೊಟ್ಟರೂ ಮುರಿದು ತಿನ್ನುತ್ತಿದ್ದರು.

ಲೇಸರಿನ ಕೋಣೆಯಲ್ಲಿ ನಡೆದದ್ದನ್ನು ಹೇಳುವುದೇ ಬೇಡ. ಯಂತ್ರ ಟಕ್ ಟಕ್ ಎನ್ನುವ ಮೊದಲೇ "ಸತ್ತೆಬೇ ಯವ್ವಾ!" ಎಂದು ಕೂಗಿದಳು. "ಇನ್ನೂ ಶುರು ಮಾಡಿಲ್ಲಮ್ಮ" ಎಂದರು ಡಾಕ್ಟರಮ್ಮ. ಆದರೂ ಕೆಲವು ತಿಂಗಳಲ್ಲಿ ಕೆನ್ನೆ ಸಾಕಷ್ಟು ತಿಳಿಯಾಯಿತು. ಅಕ್ಕ ಕನ್ನಡಿ ನೋಡಿ ನೋಡಿ ನಗುತ್ತಿದ್ದಳು. ನನಗೂ ರೊಟ್ಟಿಯಿಂದ ಬಿಡುಗಡೆ ಸಿಗುವ ಆಸೆ ಹುಟ್ಟಿತು.

ಆಗ ಬಂತು ನೋಡಿ ಸಂಡಿಗೆಯ ಕಾಲ! ಬೇಡವೆಂದರೂ ಕೇಳದೆ ಮಾಳಿಗೆ ಹತ್ತಿ, ಸಂಡಿಗೆ ಇಟ್ಟು, ಕಾಗೆ ಓಡಿಸುತ್ತ ಕುಳಿತಳು.

"ಅಕ್ಕಾ, ಬಿಸಲು!"

"ಮುಂಜಾನಿ ಬಿಸಲು ಬಿಸಲೇನಲೇ? ಅದು ಬೆಳಕು."

ಸಂಡಿಗೆ ಒಣಗುವಷ್ಟರಲ್ಲಿ ಬಂಗು ಮರಳಿ ಬಂದಿತ್ತು. ತಪ್ಪು ಯಾರದು? ಡಾಕ್ಟರದು, ಕಾಗೆಯದು, ಮಾಳಿಗೆಯಿಂದ ಕೈಹಿಡಿದು ಇಳಿಸಿಕೊಂಡು ಬರದ ನನ್ನದು! ಮತ್ತೆ ಓಢಣಿ, ಮತ್ತೆ ಕರಿ ಕನ್ನಡಕ, ಮತ್ತೆ ಕಲಬುರಗಿ.

ಈ ಸಲ ಆಸ್ಪತ್ರೆಯ ಬೆಂಚಿನ ಮೇಲೆ ಇನ್ನೊಂದು ಓಢಣಿ, ಇನ್ನೊಂದು ಕರಿ ಕನ್ನಡಕ ಕುಳಿತಿದ್ದವು. ಎರಡು ಕನ್ನಡಕಗಳೂ ಒಂದನ್ನೊಂದು ನೋಡಿದವು. ಅಕ್ಕನ ಪಾರ್ಲರಿಗೆ ತಪ್ಪದೆ ಬರುವ, ಜೇವರ್ಗಿಯ ದಾಲ್‌ಮಿಲ್ ಸಾವಕಾರರ ಹೆಂಡತಿ ಅವರು!

"ನೀವೇನ್ರಿ ಇಲ್ಲಿ?" ಎಂದಳು ಅಕ್ಕ.

"ಮೊಳಕಾಲ ನೂಸಾಕತ್ತಿತ್ತರಿ, ತೋರ್ಸಾಕ ಬಂದೇನಿ" ಎಂದರು ಸಾವಕಾರ್ತಿ. ಚರ್ಮದ ಆಸ್ಪತ್ರೆಯಲ್ಲಿ! "ಮತ್ತ ನೀವರಿ?"

ಅಕ್ಕ ಕಣ್ಣು ಮಿಟುಕಿಸುವಷ್ಟರಲ್ಲಿ ನನ್ನ ರಟ್ಟೆ ಹಿಡಿದು ಮುಂದೆ ನೂಕಿದಳು. "ಇವಂದು ನೋಡ್ರಿ, ನಮ್ಮ ತಮ್ಮಂದು. ಮಾರಿ ಮ್ಯಾಲ ಏನೋ ಎದ್ದದ. ಲೇಸರ್ ಹೊಡಸಾಕ ಕರ್ಕೊಂಡು ಬಂದೇನಿ."

ನನ್ನ ಮುಖದ ಮೇಲೆ ಏನಿದೆ? ಮೀಸೆ ಇದೆ! ಬಾಯಿ ತೆರೆದೆ, ಅಕ್ಕ ಕಾಲು ತುಳಿದಳು. ಅಷ್ಟಕ್ಕೇ ಬಿಟ್ಟಳೇ? ಹೊರಗೆ ಬರುವಾಗ ಅವಳ ಕೆನ್ನೆಗೆ ಹಚ್ಚಿದ್ದ ಮುಲಾಮನ್ನು ನನ್ನ ಕೆನ್ನೆಗೂ ಬೆಳ್ಳಗೆ ಮೆತ್ತಿ, ಸಾವಕಾರ್ತಿಯ ಮುಂದೆ ಎರಡು ಸಲ ನಡೆಸಿಕೊಂಡು ಹೋದಳು.

ಇದರಿಂದ ಯಾರಿಗೇನು ನಷ್ಟ ಎಂದುಕೊಂಡಿರಾ? ಆಗ ಅಫಜಲಪುರದ ಒಂದು ಹುಡುಗಿಯ ಜೊತೆ ನನ್ನ ಮದುವೆಯ ಮಾತು ನಡೆದಿತ್ತು. ಹೋಗಿ ನೋಡಿ ಬಂದಿದ್ದೆವು. ನಾನು ಮಾಸ್ತರ ಎಂದು ತಿಳಿದು, "ಹುಡುಗರಿಗೆ ಹೊಡಿತೀರೇನ್ರಿ?" ಎಂದು ಕೇಳಿದ ಹುಡುಗಿ ಅವಳು. ಇಲ್ಲ ಎಂದಾಗ ನಕ್ಕಳು. ಸುಳ್ಳೇಕೆ ಹೇಳಲಿ, ಅಂದಿನಿಂದ ನನಗೆ ಅವಳದೇ ಧ್ಯಾನ. ನಾನು ಬೇರೆ ಯಾರನ್ನೂ ನೋಡುವುದಿಲ್ಲ ಎಂದು ಅಕ್ಕನಿಗೂ ಹೇಳಿಬಿಟ್ಟಿದ್ದೆ. ಆ ಹುಡುಗಿಗೆ ಈ ಸಾವಕಾರ್ತಿ ಸ್ವಂತ ಸೋದರತ್ತೆ! ಗಡಿಬಿಡಿಯಲ್ಲಿ ಅಕ್ಕನಿಗೆ ಅದರ ನೆನಪೇ ಆಗಿರಲಿಲ್ಲ. ನಾವು ಜೇವರ್ಗಿಗೆ ಬಂದು ಇಳಿಯುವ ಮೊದಲೇ ಸುದ್ದಿ ಅಫಜಲಪುರ ಮುಟ್ಟಿತ್ತು. ಮರುದಿನ ಹುಡುಗಿಯ ಅಪ್ಪನ ಫೋನು: "ಹುಡುಗಗ ಚರ್ಮದ್ದು ಏನೋ ಅದ ಅಂತ ಕೇಳಿದ್ವಿ. ಬಂದು ಇನ್ನೊಮ್ಮೆ ನೋಡ್ತೇವ್ರಿ. ಮನಸ್ಸಿಗೆ ಬರಲಿಲ್ಲಂದ್ರ ಬ್ಯಾಸರ ಮಾಡ್ಕೋಬ್ಯಾಡ್ರಿ."

ನಾನು ಅಕ್ಕನ ಮೇಲೆ ಹಾರಿಬಿದ್ದೆ. "ಖರೇ ಹೇಳಿಬಿಡು ಅಕ್ಕಾ! ಲೇಸರ್ ನಿಂದು ಅಂತ ಹೇಳು!"

"ಹೇಳಿದ್ರ ಮದವಿ ಸೀಜನ್ ಹೋಯ್ತಲೇ. ಇರೋ ಒಂದು ಅಂಗಡಿ ಕುಂತುಬಿಡ್ತದ" ಎಂದು ಪಿಸುಗುಟ್ಟಿ ಅಕ್ಕ ಒಳಗೆ ಹೋದಳು. ನಾನು ಸಿಟ್ಟಿನಿಂದ ಅವಳ ಜೊತೆ ಮಾತು ಬಿಟ್ಟೆ. ರೊಟ್ಟಿಯನ್ನು ಮಾತ್ರ ಬಿಡಲಾಗಲಿಲ್ಲ, ಭಾವ ಏನು ಪಾಪ ಮಾಡಿದ್ದರು?

ರವಿವಾರ ಅವರು ಬಂದರು. ಹುಡುಗಿಯ ಅಪ್ಪ, ಜೊತೆಗೆ ಸಾವಕಾರ್ತಿ. ಆ ಹಿರಿಯರು ನನ್ನನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ, ಗದ್ದ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಸಂತೆಯಲ್ಲಿ ಎತ್ತಿಗೂ ಇದಕ್ಕಿಂತ ಮರ್ಯಾದೆ ಇರುತ್ತದೆ.

"ಏನೂ ಕಾಣವಲ್ದಲ್ಲ?" ಎಂದರು.

"ಹೆಂಗ ಕಾಣ್ತದ ಅಣ್ಣಾ? ಅಕ್ಕ ಪಾರ್ಲರ್‌ದಾಕಿ. ಏನ್ ಬಳದಾಳೋ ಯಾರಿಗ್ಗೊತ್ತು?" ಎಂದರು ಸಾವಕಾರ್ತಿ.

ಒದ್ದೆ ಟವೆಲ್ ಬಂತು. ಹಿರಿಯರು ನನ್ನ ಕೆನ್ನೆಯನ್ನು ಹಂಡೆ ತಿಕ್ಕಿದಂತೆ ತಿಕ್ಕಿದರು. ಟವೆಲ್ಲಿಗೆ ಏನೂ ಹತ್ತಲಿಲ್ಲ. ಇನ್ನಾದರೂ ಮುಗಿಯಿತಲ್ಲ ಎಂದುಕೊಂಡರೆ, "ಮಾರಿ ಮ್ಯಾಲ ಇಲ್ಲಂದ್ರ ಅಂಗಿ ಒಳಗ ಇರಬೇಕು" ಎಂದರು ಸಾವಕಾರ್ತಿ! ಎಲ್ಲರೂ ನನ್ನ ಗುಂಡಿಗಳನ್ನೇ ನೋಡತೊಡಗಿದರು. ನನಗೆ ಅಫಜಲಪುರದ ಆ ನಗು ನೆನಪಾಯಿತು. ಹಾಳಾಗಲಿ ಮಾನ ಎಂದು ಮೇಲಿನ ಗುಂಡಿ ಬಿಚ್ಚಿದೆ.

"ಬಿಚ್ಚಬ್ಯಾಡಲೇ!"

ಅಕ್ಕ ಎದ್ದು ಬಂದು ಹಿರಿಯರ ಕೈಯಿಂದ ಟವೆಲ್ ಕಸಿದುಕೊಂಡಳು. ತನ್ನ ಮುಖದ ಮೇಲೆ ಇಟ್ಟು ಗಸಗಸ ಒರೆಸಿದಳು. ಹಣೆ, ಮೂಗು, ಒಂದು ಕೆನ್ನೆ, ಇನ್ನೊಂದು ಕೆನ್ನೆ. ಟವೆಲ್ ಪೂರ್ತಿ ಕೆಂಪು ಮಣ್ಣಿನ ಬಣ್ಣಕ್ಕೆ ತಿರುಗಿತು.

"ನೋಡ್ರಿ. ಬಂಗು ನಂದು. ಲೇಸರ್ ನಂದು. ಅಂಗಡಿ ಚಿಂತ್ಯಾಗ ಸುಳ್ಳು ಹೇಳ್ದೆ. ನನ್ನ ತಮ್ಮಗ ಏನೂ ಇಲ್ರಿ. ಅಂಥಾ ಹುಡುಗ ನಿಮಗ ಸಿಗಂಗಿಲ್ಲ."

ಸಾವಕಾರ್ತಿ ಮೆಲ್ಲಗೆ ಎದ್ದು ಹತ್ತಿರ ಬಂದು ಅಕ್ಕನ ಕೆನ್ನೆಯನ್ನು ಬಗ್ಗಿ ನೋಡಿದರು. "ನಿಮಗೂ ಹೊಳ್ಳಿ ಬಂತೇನ್ರಿ? ನನಗೂ ಹೊಳ್ಳಿ ಬಂತ್ರಿ" ಎಂದರು. ಮೊಳಕಾಲಿನ ಸುದ್ದಿ ಅಲ್ಲಿಗೆ ಮುಗಿಯಿತು. ಹಿರಿಯರು ಚುರುಮುರಿಯ ಸುಸಲಾ ತಿಂದು, ಚಹಾ ಕುಡಿದು, ಒಳ್ಳೆಯ ದಿನ ನೋಡೋಣ ಎಂದು ಹೇಳಿ ಹೋದರು.

ಹಿರಿಯರನ್ನು ಬಸ್ಸಿಗೆ ಹತ್ತಿಸಿ ಬಂದಾಗ ಅಕ್ಕ ಗೋಡೆಗೆ ಒರಗಿ ಕುಳಿತಿದ್ದಳು. ಮುಖ ಹಾಗೆಯೇ ಇತ್ತು. ನಾನು ಬಂದದ್ದು ಕಂಡು ಸೆರಗು ಎಳೆದುಕೊಂಡಳು.

"ಭಾಳ ಕೆಟ್ಟ ಕಾಣಾಕತ್ತೇನೇನೋ ತಮ್ಮಾ?"

ನಮ್ಮ ಮನೆಯಲ್ಲಿ ಅವ್ವನದು ಒಂದೇ ಒಂದು ಫೋಟೋ ಇದೆ. ಕಟ್ಟು ಹಾಕಿಸುವಾಗ ಸ್ಟುಡಿಯೋದವನು ಚಂದ ಕಾಣಲೆಂದು ಅವಳ ಮುಖದ ಕಲೆಗಳನ್ನೆಲ್ಲ ಅಳಿಸಿ ಬೆಳ್ಳಗೆ ಮಾಡಿಬಿಟ್ಟಿದ್ದಾನೆ. ಅದನ್ನು ಎಷ್ಟು ಸಲ ದಿಟ್ಟಿಸಿದರೂ ಯಾರೋ ಬೇರೆ ಹೆಂಗಸನ್ನು ನೋಡಿದಂತಾಗುತ್ತದೆ. ನನಗೆ ನೆನಪಿರುವುದು ತೊಡೆಯ ಮೇಲೆ ಮಲಗಿ ಮೇಲೆ ನೋಡಿದಾಗ ಕಾಣುತ್ತಿದ್ದ ಒಂದು ಕೆನ್ನೆ, ಅದರ ಮೇಲಿನ ಕಂದು ಕಲೆ. ಬೆರಳಿನಿಂದ ಅದನ್ನು ಒರೆಸಲು ಹೋಗುತ್ತಿದ್ದೆ, ಅವಳು ನಗುತ್ತಿದ್ದಳು.

ಅಕ್ಕನ ಪಕ್ಕ ಕುಳಿತು ಸೆರಗು ಸರಿಸಿದೆ.

"ಅವ್ವನಂಗ ಕಾಣಾಕತ್ತೀ ಅಕ್ಕಾ" ಎಂದೆ.

ಸದಾ ಬೈಯುವ ಅಕ್ಕ ನನ್ನ ತಲೆಯನ್ನು ಎಳೆದು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಮಾಸ್ತರನಾದ ನಾನು ನಾಚಿಕೆಯಿಲ್ಲದೆ ಅತ್ತೆ.