ಬೆನ್ನಿನಿಂದ ಹತ್ತುವ ವಿದ್ಯೆ

ಹಿಂಕಜ್ಜಿಯ ಒಂದು ಮಾತನ್ನು ಕೇಳಿಸಿಕೊಂಡೂ ಕೇಳಿಸದವನಂತೆ ಇದ್ದಿದ್ದರೆ, ಗೊಸ್ಸೆ ಆ ಶನಿವಾರ ನಾಲೆಯ ದಂಡೆಯಲ್ಲಿ ಕಾಫಿ ಕುಡಿದು ನೆಮ್ಮದಿಯಾಗಿ ಮನೆಗೆ ಹೋಗುತ್ತಿದ್ದ. ಸುಮ್ಮನಿರುವುದೊಂದನ್ನು ಬಿಟ್ಟು ಅವನಿಗೆ ಎಲ್ಲವೂ ಬರುತ್ತಿತ್ತು.

ಯೋರ್ನೆವಾಲ್ ಊರಿನಲ್ಲಿ ಅಂದು ವರ್ಷದ ಕೋಲು ಹಾರುವ ಪಂದ್ಯ. ನಾಲೆಯಲ್ಲಿ ನಿಲ್ಲಿಸಿದ ಹನ್ನೆರಡು ಮೀಟರಿನ ಕೋಲಿನತ್ತ ಓಡಿ, ಅದನ್ನು ತಬ್ಬಿ, ಅದು ಆಚೆಗೆ ವಾಲುವಷ್ಟರಲ್ಲಿ ಸರಸರನೆ ಮೇಲೆ ಹತ್ತಿ, ಎದುರು ದಡದ ಮರಳಿಗೆ ಜಿಗಿಯಬೇಕು. ಹತ್ತುವುದು ತಡವಾದರೆ ನೀರು. ಗೊಸ್ಸೆ ಹಾರುವವನಲ್ಲ. ಕೀಲು, ಸ್ನಾಯುಗಳನ್ನು ಪರೀಕ್ಷಿಸಿ ವ್ಯಾಯಾಮ ಹೇಳಿಕೊಡುವ ಚಿಕಿತ್ಸಕ. ಪಟ್ಟಣದ ಆಸ್ಪತ್ರೆ ಬಿಟ್ಟು ಬಂದು ಎರಡು ವರ್ಷದ ಹಿಂದೆ ಇಲ್ಲಿ ಕೋಣೆ ತೆರೆದಿದ್ದ. ನಾನು ಡಾಕ್ಟರಲ್ಲ ಎಂದು ಎಷ್ಟು ಹೇಳಿದರೂ ಊರವರು ಅವನನ್ನು ಡಾಕ್ಟ್ರೇ ಎಂದೇ ಕರೆಯುತ್ತಿದ್ದರು. ಕೋಲು ಹಾರುವವರಿಗೆಂದು ಅವನು ನಡೆಸುವ ತರಗತಿಗೆ ದುಡ್ಡು ಕೊಟ್ಟು ಹನ್ನೊಂದು ಜನ ಬರುತ್ತಿದ್ದರು. ಅವರೂ ಬಿಟ್ಟರೆ ಕೋಣೆಗೆ ಬೀಗ, ಮತ್ತೆ ಆಸ್ಪತ್ರೆಯ ನೆಲಮಾಳಿಗೆಯ ಕೆಲಸ. ಅವನ ಹೆಂಡತಿ ಫ್ರೌಕ್ಯೆಗೋ ಈ ಊರು ಬಿಡುವ ಮನಸ್ಸು ಎಳ್ಳಷ್ಟೂ ಇರಲಿಲ್ಲ.

ಹಿಂಕಜ್ಜಿ ನಲವತ್ತು ವರ್ಷದಿಂದ ಕುದುರೆಗೆ ಹಚ್ಚುವ ತೈಲವನ್ನು ಮನುಷ್ಯರಿಗೆ ತಿಕ್ಕಿ ಊರಿನ ನೋವನ್ನೆಲ್ಲ ಓಡಿಸುತ್ತಿದ್ದ ಮುದುಕಿ. ಗೊಸ್ಸೆ ಬಂದ ಮೇಲೆ ಅವಳ ಬಾಗಿಲಿಗೆ ಬರುವವರು ಕಡಿಮೆಯಾಗಿದ್ದರು.

"ಕೋಲನ್ನ ಬೆನ್ನಿಂದ ಹತ್ತಬೇಕು ಅಂತಾರಂತೆ ನಮ್ಮ ಡಾಕ್ಟ್ರು," ಎಂದಳು ಅಜ್ಜಿ, ಹತ್ತು ಜನರ ನಡುವೆ. "ಬೆನ್ನಿಗೆ ಬೆರಳು ಯಾವಾಗ ಮೂಡಿದ್ವೋ."

"ಅಜ್ಜಿ, ಕಂಕುಳಿಂದ ಸೊಂಟದವರೆಗೆ ಎರಡೂ ಕಡೆ ದೊಡ್ಡ ಸ್ನಾಯು ಇದೆ. ಎಳೆಯೋದು ಅದು. ಕೈ ಬರೀ ಕೊಕ್ಕೆ. ಮುಂಗೈಯಿಂದಲೇ ಎಳೆದ್ರೆ ನಾಲ್ಕು ಎಳೆತಕ್ಕೆ ಸುಸ್ತು. ಒಳತೊಡೆ ಕೋಲನ್ನ ಕಚ್ಚಿ ಹಿಡೀಬೇಕು, ಆಗ ಕೈಗೆ ಉಸಿರು."

"ಸರಿಯಪ್ಪ. ನೀವೆಷ್ಟು ಸಲ ಹಾರಿದ್ದೀರಿ?"

ತರಗತಿಯ ಹನ್ನೊಂದು ಜನವೂ ಅಲ್ಲೇ ಇದ್ದರು. ಹನ್ನೊಂದು ಲೋಟಗಳು ಬಾಯಿಯ ಹತ್ತಿರ ನಿಂತವು.

"ಇವತ್ತು ಹಾರ್ತೀನಿ," ಎಂದುಬಿಟ್ಟ ಗೊಸ್ಸೆ.

ನಿಜ ಹೇಳಬೇಕೆಂದರೆ ಅವನು ತೀರಾ ಬರಿಗೈಯವನೇನಲ್ಲ. ಏಳು ತಿಂಗಳಿಂದ ಬೆಳಗಿನ ಐದಕ್ಕೆದ್ದು, ಊರಾಚೆಯ ಪಾಳು ಕೊಟ್ಟಿಗೆಯಲ್ಲಿ ಹಗ್ಗ ಕಟ್ಟಿ ಹತ್ತುತ್ತಿದ್ದ. ಫ್ರೌಕ್ಯೆಯ ಹೊರತು ಯಾರಿಗೂ ಗೊತ್ತಿರಲಿಲ್ಲ. ಯೋರ್ನೆವಾಲ್‌ನಲ್ಲಿ ಬೆವರು ಸುರಿಸುವುದು ಕಣ್ಣಿಗೆ ಬಿದ್ದರೆ ಜಂಬ ಎನ್ನುತ್ತಾರೆ. ಗೆದ್ದವನು ಗಾಳಿ ಚೆನ್ನಾಗಿತ್ತು ಎನ್ನಬೇಕು, ಸೋತವನು ಗಾಳಿ ಸರಿಯಿರಲಿಲ್ಲ ಎನ್ನಬೇಕು. ಅಭ್ಯಾಸ ಎಂಬ ಪದ ಯಾರ ಬಾಯಲ್ಲೂ ಬರಬಾರದು. ಗೊಸ್ಸೆ ಬರುವ ವರ್ಷ ಹಾರೋಣವೆಂದುಕೊಂಡಿದ್ದ. ನಿಜವಾದ ಕೋಲನ್ನು ಅವನಿನ್ನೂ ಮುಟ್ಟಿಯೂ ಇರಲಿಲ್ಲ.

ಸುದ್ದಿ ಹಬ್ಬಿದ್ದೇ ತಡ, ಊರಿಗೆ ಊರೇ ಸಹಾಯಕ್ಕೆ ಬಂತು. ಹಾಲು ಕರೆಯುವ ಯೆಲ್ಮರ್, ಒಂದು ನೂರಿಪ್ಪತ್ತು ಕಿಲೋ ತೂಗುವವನು, ಕಾಲು ಜಾರದಂತೆ ಸೈಕಲ್ ಟ್ಯೂಬಿನ ಪಟ್ಟಿಯನ್ನು ಗೊಸ್ಸೆಯ ಪಾದಗಳಿಗೆ ಸುತ್ತಿದ.

"ಬಿಗಿಯಾಯ್ತು ಯೆಲ್ಮರ್, ಬೆರಳು ಜೋಮು ಹಿಡೀತಿದೆ."

"ಜೋಮು ಹಿಡಿದ್ರೆ ಒಳ್ಳೇದು ಡಾಕ್ಟ್ರೇ, ಬಿದ್ದಾಗ ನೋವಾಗಲ್ಲ."

ಪಂದ್ಯ ನಡೆಸುವ ಚಿಬ್ಬೆ ಸಕ್ಕರೆ ರೊಟ್ಟಿಯ ಮೂರು ದಪ್ಪ ತುಂಡುಗಳಿಗೆ ಬೆಣ್ಣೆ ಬಳಿದು ತಂದ. ಹೊಟ್ಟೆ ತುಂಬಿದರೆ ರಕ್ತವೆಲ್ಲ ಅಲ್ಲಿಗೇ ಹೋಗುತ್ತದೆ, ಸ್ನಾಯುವಿಗೆ ಉಳಿಯುವುದಿಲ್ಲ ಎಂದು ಗೊಸ್ಸೆ ವಿವರಿಸುತ್ತಿರುವಾಗಲೇ ಎರಡು ತುಂಡು ಅವನ ಬಾಯಿ ಸೇರಿದ್ದವು. ಮೈ ಬಿಸಿ ಮಾಡಿಕೊಳ್ಳಲು ಅವನು ಮೆಲ್ಲಗೆ ಓಡತೊಡಗಿದರೆ, ಹಿಂದಿನಿಂದ ಬಂದ ಹಿಂಕಜ್ಜಿ ಹೇಳದೆ ಕೇಳದೆ ಅವನ ತೊಡೆಗಳಿಗೆ ಕುದುರೆಯ ತೈಲ ತಿಕ್ಕಿದಳು.

"ಅಜ್ಜಿ, ಉರಿ, ಉರಿ."

"ಕುದುರೆಗಳು ಯಾವತ್ತೂ ದೂರಿಲ್ಲ," ಎಂದಳು ಅಜ್ಜಿ.

ಫ್ರೌಕ್ಯೆ ಜನರ ನಡುವಿನಿಂದ ನುಸುಳಿ ಬಂದಳು. "ಗೊಸ್ಸೆ, ನೀನು ಬಿದ್ರೆ ನಾವು ಸೋಮವಾರವೇ ಗಂಟುಮೂಟೆ ಕಟ್ಟಬೇಕು. ಗೊತ್ತು ತಾನೇ?"

"ಗೊತ್ತು."

"ಹಾಗಾದ್ರೆ ಮಾತಾಡ್ಬೇಡ. ಹತ್ತು."

ಅವನು ಓಡಿದ. ಪಾದ ಜೋಮು, ತೊಡೆ ಬೆಂಕಿ, ಹೊಟ್ಟೆಯಲ್ಲಿ ಎರಡು ತುಂಡು ರೊಟ್ಟಿ. ಕೋಲು ಕೈಗೆ ಸಿಕ್ಕಿತು. ಕಾಲು ಜಾರಿತು, ದಂಡೆಯ ಮೇಲೆ ನಗು ಎದ್ದಿತು. ಆದರೆ ಒಳತೊಡೆ ಕೋಲನ್ನು ಹಿಡಿಯಿತು, ಬೆನ್ನಿನ ಎರಡು ಪಕ್ಕೆಗಳೂ ಏಳು ತಿಂಗಳ ರೂಢಿಯಂತೆ ತಾವಾಗಿಯೇ ಎಳೆದವು. ಒಂದು, ಎರಡು, ಐದು, ಎಂಟು. ಗಾಬರಿಪಡಲು ಗೊಸ್ಸೆಗೆ ಪುರುಸೊತ್ತೇ ಸಿಗಲಿಲ್ಲ. ಕೋಲು ಆಚೆಗೆ ವಾಲಿತು, ಅವನು ಕೈಬಿಟ್ಟ, ಮೊಣಕಾಲೂರಿ ಮರಳಿನ ಮೇಲೆ ಬಿದ್ದ. ಮೈಮೇಲೆ ಒಂದು ಹನಿ ನೀರಿಲ್ಲ. ಆ ದಿನ ಅಷ್ಟು ದೂರ ಇನ್ನಾರೂ ಹಾರಿರಲಿಲ್ಲ.

ಚಿಬ್ಬೆ ಮೈಕನ್ನು ಅವನ ಮೂಗಿಗೇ ಹಿಡಿದ. "ಹೇಗೆ ಸಾಧಿಸಿದ್ರಿ ಡಾಕ್ಟ್ರೇ?"

ಎರಡು ವರ್ಷದಲ್ಲಿ ಗೊಸ್ಸೆಗೆ ಊರಿನ ರೀತಿನೀತಿ ಅಷ್ಟಿಷ್ಟು ಅಂಟಿತ್ತು. ಖುಷಿಯಿಂದ ಕಣ್ಣು ತುಂಬಿದ್ದರೂ ಭುಜ ಕುಣಿಸಿ, "ಸಾಧನೆ ಏನು ಬಂತು. ಬೆಳಿಗ್ಗೆ ಕಾಫಿ ಕುಡಿದೆ, ಬಂದೆ, ಹಾರಿದೆ," ಎಂದ.

ಹುಟ್ಟಿನಿಂದ ಇಲ್ಲಿಯವನಾಗಿದ್ದರೆ ಆ ಮಾತನ್ನು ಯಾರೂ ನಂಬುತ್ತಿರಲಿಲ್ಲ. ಪಟ್ಟಣದವರು ಇದ್ದದ್ದನ್ನು ಇದ್ದ ಹಾಗೆ ಹೇಳುವವರೆಂದು ಊರಿನ ನಂಬಿಕೆ. ಅರ್ಧ ಗಂಟೆಯೊಳಗೆ ಯೆಲ್ಮರ್ ಟೋಪಿ ಕೈಯಲ್ಲಿ ಹಿಡಿದು ಬಂದ.

"ಡಾಕ್ಟ್ರೇ, ತರಗತಿಗೆ ನಾನಿನ್ನು ಬರಲ್ಲ. ನೀವೇ ಏನೂ ಮಾಡದೆ ದಾಟಿದ್ರಿ. ನಾನ್ಯಾಕೆ ಒದ್ದಾಡಲಿ?"

ಅವನ ಬೆನ್ನಿಗೇ ಇನ್ನೂ ನಾಲ್ವರು ಬಂದರು. ಹಿಂಕಜ್ಜಿ ತೈಲದ ಸೀಸೆ ಎತ್ತಿ ಹಿಡಿದು, ಎಲ್ಲ ಇದರ ಮಹಿಮೆ ಎನ್ನುತ್ತ ಓಡಾಡುತ್ತಿದ್ದಳು. ಗೊಸ್ಸೆಗೆ ತಡೆಯಲಾಗಲಿಲ್ಲ. ಚಿಬ್ಬೆಯ ಕೈಯಿಂದ ಮೈಕು ಕಿತ್ತುಕೊಂಡ.

"ನಾನು ಹೇಳಿದ್ದು ಸುಳ್ಳು. ಏಳು ತಿಂಗಳು, ದಿನಾ ಬೆಳಿಗ್ಗೆ ಐದು ಗಂಟೆಗೆ, ಚಿಬ್ಬೆಯ ಹಳೇ ಕೊಟ್ಟಿಗೆಯಲ್ಲಿ, ನಡುತೊಲೆಗೆ ಹಗ್ಗ ಕಟ್ಟಿ ಹತ್ತಿದ್ದೀನಿ. ಮೊದಲ ತಿಂಗಳು ದಿನಕ್ಕೆ ಮೂರು ಸಲ, ಆಮೇಲೆ ವಾರಕ್ಕೊಂದು ಹೆಚ್ಚು. ಮಧ್ಯೆ ಎರಡು ನಿಮಿಷ ವಿಶ್ರಾಂತಿ. ಭಾನುವಾರ ರಜಾ. ಎಷ್ಟು ಕಷ್ಟಪಟ್ಟಿದ್ದೀನಿ ನಿಮಗೆ ಗೊತ್ತಿಲ್ಲ."

ಜನ ತಮ್ಮ ತಮ್ಮ ಬೂಟುಗಳನ್ನು ನೋಡಿಕೊಂಡರು. ಚಿಬ್ಬೆ ಮೆಲ್ಲಗೆ ಮೈಕು ವಾಪಸು ತೆಗೆದುಕೊಂಡು, "ಸಾಕು ಡಾಕ್ಟ್ರೇ. ಹೆಂಗಸರು ಮಕ್ಕಳು ಇದ್ದಾರೆ," ಎಂದ. ಉಳಿದ ಆರು ಜನವೂ ತರಗತಿ ಬಿಟ್ಟರು.

ಸಂಜೆ ಫ್ರೌಕ್ಯೆ ಅಟ್ಟದಿಂದ ಸೂಟ್‌ಕೇಸ್ ಇಳಿಸಿದಳು. ಅವಳು ಬೈದಿದ್ದರೆ ಗೊಸ್ಸೆಗೆ ಎಷ್ಟೋ ಹಗುರವಾಗುತ್ತಿತ್ತು. ಹಗ್ಗವನ್ನಾದರೂ ಬಿಚ್ಚಿ ತರೋಣವೆಂದು ಅವನು ಕೊಟ್ಟಿಗೆಯತ್ತ ಹೊರಟ. ಹೊತ್ತಿನ್ನೂ ಮುಳುಗಿರಲಿಲ್ಲ. ಕೊಟ್ಟಿಗೆಯ ಹಿಂದೆ, ರಸ್ತೆಗೆ ಕಾಣದ ಹಾಗೆ, ಹನ್ನೊಂದು ಸೈಕಲ್ಲುಗಳು ಒರಗಿದ್ದವು.

ಒಳಗೆ ಯೆಲ್ಮರ್ ಹಗ್ಗದ ಅರ್ಧಕ್ಕೆ ಹತ್ತಿ ಏದುಸಿರು ಬಿಡುತ್ತ ನೇತಾಡುತ್ತಿದ್ದ. ಉಳಿದ ಹತ್ತು ಮಂದಿ ಕೆಳಗೆ ಸಾಲಾಗಿ ನಿಂತಿದ್ದರು. ಹಿಂಕಜ್ಜಿ ಹಾಲಿನ ಕ್ಯಾನಿನ ಮೇಲೆ ಕುಳಿತು, ಒಂದು ಕೈಯಲ್ಲಿ ಗಡಿಯಾರ, ಇನ್ನೊಂದರಲ್ಲಿ ತೈಲ ಹಿಡಿದು ಎರಡು ನಿಮಿಷ ಎಣಿಸುತ್ತಿದ್ದಳು.

"ಇದು ನನ್ನ ಹಗ್ಗ," ಎಂದ ಗೊಸ್ಸೆ.

"ಹಗ್ಗ ನಿಮ್ದು, ಕೊಟ್ಟಿಗೆ ಚಿಬ್ಬೆದು, ತೈಲ ನಂದು," ಎಂದಳು ಅಜ್ಜಿ. "ಊರಿನ ಕೆಲಸ ಅಂದ್ಮೇಲೆ ಯಾರಾದ್ರೂ ದುಡ್ಡು ಕೇಳ್ತಾರಾ?"

ಗೊಸ್ಸೆ ತಿರುಗಿ ಹೊರಟ. ಬಾಗಿಲವರೆಗೂ ಬಂದ. ಮೇಲೆ ಯೆಲ್ಮರ್ ಮತ್ತೆ ಬರೀ ಮುಂಗೈಯಿಂದ ಎಳೆದ.

"ಬೆನ್ನಿಂದ, ಯೆಲ್ಮರ್, ಬೆನ್ನಿಂದ," ಎಂದು ಗೊಸ್ಸೆಯ ಬಾಯಿ ಅವನನ್ನು ಕೇಳದೆ ಹೇಳಿಬಿಟ್ಟಿತು. ಆಮೇಲೆ ಹನ್ನೊಂದು ಜನರ ಬೆನ್ನನ್ನೂ ಮುಟ್ಟಿ, ಸ್ನಾಯು ತೋರಿಸಿ, ತಿದ್ದಿ ಮುಗಿಸುವಷ್ಟರಲ್ಲಿ ಹೊತ್ತು ಮುಳುಗಿತು.

"ನಾಳೆ ಭಾನುವಾರ, ರಜಾ," ಎಂದಳು ಅಜ್ಜಿ ಎದ್ದು ನಿಲ್ಲುತ್ತ. "ಸೋಮವಾರ ಐದಕ್ಕೇ ಬಂದ್ಬಿಡಿ ಡಾಕ್ಟ್ರೇ. ಪಟ್ಟಣದ ಆಸ್ಪತ್ರೆಗೆ ಹೋಗೋ ಮೊದಲ ಬಸ್ಸು ಆರೂವರೆಗೆ ಇದೆಯಂತೆ, ಇವರಿಗೆ ಹೇಳಿಕೊಟ್ಟು ಕೆಲಸಕ್ಕೆ ಹೋಗೋಕೆ ಆರಾಮಾಗಿ ಸಿಗುತ್ತೆ."